ಬೆಂಗಳೂರು ದಂಡು ಮತ್ತು ಮದರಾಸುಗಳ ನಡುವಣ ಅಂತರ

ಬೆಂಗಳೂರಿನ ದಂಡುಪ್ರದೇಶಕ್ಕೂ ಮದರಾಸಿಗೂ, ಎಂದರೆ ಇಂದಿನ ಚೆನ್ನೈಗೂ, ನಡುವಣ ದೂರವೆಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸರಳರೇಖೆಯಲ್ಲಿ ಅದು ಸುಮಾರು 290 ಕಿಲೋಮೀಟರು, ಅಂದರೆ 180 ಮೈಲಿ. ರಸ್ತೆಯಲ್ಲಿ ಸುಮಾರು 350, ರೈಲಿನಲ್ಲಿ ಸುಮಾರು 360 ಕಿಲೋಮೀಟರು. ಇವುಗಳಲ್ಲಿ ಮೊದಲನೆಯದು ವಿಮಾನಯುಗದ ಕೊಡುಗೆಯೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ವಿಮಾನ ಹಾರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಆ ಅಂತರವನ್ನು ನೆಲದ ಮೇಲೆ ನಿಂತು ನಿರ್ಣಯಿಸಲಾಗಿತ್ತು. ಆ ಕಾರ್ಯದ ಪೂರ್ವಸಿದ್ಧತೆ ನಡೆದುದು ದಂಡಿನ ಪೂರ್ವಕ್ಕಿರುವ ಕೃಷ್ಣರಾಜಪುರದ ಬಯಲಿನಲ್ಲಿ.

ಹದಿನೆಂಟನೆಯ ಶತಮಾನದ ನಕಾಶೆಕಾರರು ದಾರಿಯ ಉದ್ದವನ್ನು ಅಳತೆಯ ಗಾಲಿಯಿಂದಲೋ ಸೈನ್ಯದ ಪ್ರಯಾಣದ ಲೆಕ್ಕದಿಂದಲೋ ಪಡೆದು, ತಿರುವುಗಳಿಗಾಗಿ ಒಂದು ಪಾಲನ್ನು ಕಳೆಯುತ್ತಿದ್ದರು. ಜೇಮ್ಸ್ ರೆನೆಲ್ಲನಂತಹ ನಿಪುಣನೂ ಹೀಗೆಯೇ ಮಾಡಿದನು. ಎಷ್ಟು ಕಳೆಯಬೇಕೆಂಬುದು ಮಾತ್ರ ಅಂದಾಜಿನ ವಿಷಯವಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ, 33ನೆಯ ದಳದ ವಿಲಿಯಂ ಲ್ಯಾಂಬ್ಟನ್ನನು ತ್ರಿಕೋನ ಮಾಪನದ ಯೋಜನೆಯನ್ನು ಮುಂದಿಟ್ಟನು. ಆರ್ಥರ್ ವೆಲ್ಲೆಸ್ಲಿಯ ಬೆಂಬಲ ಅದಕ್ಕೆ ದೊರೆಯಿತು. 1800ರ ಕೊನೆಯ ತಿಂಗಳುಗಳಲ್ಲಿ ಕೃಷ್ಣರಾಜಪುರ ಮತ್ತು ಅಗರಗಳ ನಡುವೆ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಣಿಯಿಂದ ಅಳೆಯಲಾಯಿತು. (ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವಾಗಿ ಹಿಂದಿರುಗಿದ ಸರಪಣಿಯಿದು!) ಮುಖ್ಯ ಕಾರ್ಯವು 1802ರ ಏಪ್ರಿಲ್ 10ರಂದು ಮದರಾಸಿನ ಪರಂಗಿಮಲೆಯ ಬಳಿ ಮೊದಲಾಗಿ, ತ್ರಿಕೋನಗಳ ಸಾಲು ಪಶ್ಚಿಮಕ್ಕೆ ಬೆಳೆಯಿತು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ಅಳೆದು ಗಣಿತದ ಫಲದೊಡನೆ ಹೋಲಿಸಿದಾಗ ಕಂಡ ವ್ಯತ್ಯಾಸ ಕೆಲವೇ ಅಂಗುಲ. ಸಾಲು ಮಂಗಳೂರನ್ನು ಮುಟ್ಟಿದಾಗ, 400 ಮೈಲಿ ಅಗಲವೆಂದು ನಂಬಿದ್ದ ಪರ್ಯಾಯದ್ವೀಪವು ಆ ಭಾಗದಲ್ಲಿ 360 ಮೈಲಿ ಮಾತ್ರವೆಂದು ತಿಳಿದುಬಂದಿತು. ಕಂಪೆನಿಯ ನಕಾಶೆಯಿಂದ 40 ಮೈಲಿ ನೆಲ ಮಾಯವಾಯಿತು.

ಆದರೆ ಈ ನಿಖರತೆಯಿಂದ ಬಂಡಿಯವನಿಗೆ ಆದ ಲಾಭವೇನು? ಎರಡು ನಗರಗಳೂ 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವುದರಿಂದ ಸರಳರೇಖೆಯು ಬಹುಮಟ್ಟಿಗೆ ನೇರ ಪೂರ್ವಕ್ಕೆ ಸಾಗುತ್ತದೆ. ದಾರಿ ಹಾಗೆ ಸಾಗಲಾರದು. ಸುಮಾರು 3000 ಅಡಿ ಎತ್ತರದ ಪ್ರಸ್ಥಭೂಮಿಯಿಂದ ಅದು ಇಳಿಯಬೇಕು. ಹಲಸೂರು, ಹೊಸಕೋಟೆ, ಕೋಲಾರ, ಮುಳಬಾಗಿಲುಗಳ ಹಳೆಯ ದಾರಿಯು ಪಾಲಮನೇರಿನಾಚೆ ಮೊಗಿಲಿ ಘಟ್ಟವನ್ನಿಳಿದು ಚಿತ್ತೂರನ್ನು ಸೇರುತ್ತದೆ. 1864ರಲ್ಲಿ ದಂಡಿಗೆ ಬಂದ ರೈಲುಮಾರ್ಗವಂತೂ ದಕ್ಷಿಣಕ್ಕೆ ಬಾಗಿ ಜೋಲಾರಪೇಟೆಗೆ ಇಳಿದು, ಪಾಲಾರ್ ಕಣಿವೆಯನ್ನು ಹಿಡಿಯುತ್ತದೆ. ಯಂತ್ರಕ್ಕೆ ಉದ್ದದ ದಾರಿಯೇ ಸುಲಭದ ದಾರಿಯಾಯಿತು.

ಸಂಶೋಧಕರು ಇದನ್ನು ಲಕ್ಷಿಸಬೇಕು. ದಿನಕ್ಕೆ 15 ಮೈಲಿ ನಡೆಯುವ ದಂಡು ಸರಳರೇಖೆಯ ಲೆಕ್ಕದಲ್ಲಿ 12 ದಿನಗಳಲ್ಲಿ ಮದರಾಸನ್ನು ಸೇರುತ್ತದೆ. ದಾರಿಯ ಲೆಕ್ಕದಲ್ಲಿ 14 ದಿನಗಳಾದರೂ ಸಾಲವು. ನಕಾಶೆಯ ಮೇಲೆ ಅಳತೆಪಟ್ಟಿಯಿಟ್ಟು ಯುದ್ಧಗಳ ದಿನಾಂಕಗಳನ್ನು ತಿದ್ದಹೊರಡುವುದು ನನ್ನ ಮತದಲ್ಲಿ ಅಪಾಯಕರ.

ಹೊರಡುವ ಸ್ಥಳವನ್ನೂ ಗಮನಿಸಬೇಕು. 2008ರ ಮೇ 24ರವರೆಗೆ ಶಿವಾಜಿನಗರದ ಪ್ರಯಾಣಿಕನು ವಿಮಾನವನ್ನೇರಲು ಪೂರ್ವದಿಕ್ಕಿನ ಎಚ್.ಎ.ಎಲ್. ನಿಲ್ದಾಣಕ್ಕೆ ಹೋಗುತ್ತಿದ್ದನು, ಅಷ್ಟರಮಟ್ಟಿಗೆ ಅವನು ಮದರಾಸಿನ ದಿಕ್ಕಿನಲ್ಲಿಯೇ ಸಾಗಿದಂತಾಗುತ್ತಿತ್ತು. ಈಗ ಪೂರ್ವದ ಊರಿಗೆ ಹಾರಲು ಮೊದಲು ದೇವನಹಳ್ಳಿಯವರೆಗೆ ಉತ್ತರಕ್ಕೆ ರಸ್ತೆಯಲ್ಲಿ ಸಾಗಬೇಕು.