ಬಾಯ್ಲರ್ ಕವರ್ ತಕರಾರುಗಳು

ಬ್ರಿಟನ್ನಿನಲ್ಲಿ ಮನೆಯ ಗ್ಯಾಸ್ ಬಾಯ್ಲರ್ ಕೆಟ್ಟಾಗ, ಅದರ ರಿಪೇರಿಗೆಂದೇ ತಿಂಗಳು ತಿಂಗಳು ಹಣ ಕಟ್ಟಿಸಿಕೊಂಡ ಕಂಪನಿ ಕೆಲಸ ಮಾಡಿಕೊಡಲು ಒಪ್ಪದಿದ್ದರೆ ಹುಟ್ಟುವ ವಿವಾದಗಳು. ಬಾಯ್ಲರ್ ಕೆಟ್ಟಿದೆ ಎಂಬುದರಲ್ಲಿ ಸಾಮಾನ್ಯವಾಗಿ ಎರಡು ಮಾತಿರುವುದಿಲ್ಲ. ಏಕೆ ಕೆಟ್ಟಿತು, ಎಂದಿನಿಂದ ಕೆಟ್ಟಿತ್ತು, ಅದನ್ನು ಸಾಬೀತು ಮಾಡಬೇಕಾದವರು ಯಾರು ಎಂಬುದರ ಸುತ್ತಲೇ ಜಗಳ.

2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಮುಕ್ಕಾಲು ಪಾಲು ಮನೆಗಳು ಬೆಚ್ಚಗಿರುವುದು ಕೊಳವೆ ಗ್ಯಾಸಿನಿಂದಲೇ. ಗೋಡೆಗೆ ತೂಗುಹಾಕಿದ ಬಾಯ್ಲರ್ ನೀರು ಕಾಯಿಸಿ ಕೋಣೆ ಕೋಣೆಯ ರೇಡಿಯೇಟರ್‌ಗಳಿಗೆ ಕಳಿಸುತ್ತದೆ. ‘ಕಾಂಬಿ’ ಮಾದರಿಯದಾದರೆ ನಲ್ಲಿಯ ಬಿಸಿನೀರೂ ಅದರದೇ. ಜನವರಿಯ ಚಳಿಯಲ್ಲಿ ಅದು ನಿಂತರೆ ಸ್ನಾನಕ್ಕೂ ಕುತ್ತು, ನಿದ್ದೆಗೂ ಕುತ್ತು. ಹಣ ಪಡೆದು ಗ್ಯಾಸ್ ಉಪಕರಣಕ್ಕೆ ಕೈಹಾಕುವವರ ಹೆಸರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಲೇಬೇಕು. ಈ ನೋಂದಣಿ 2009ರ ಏಪ್ರಿಲ್ 1ರಂದು ಹಳೆಯ ‘ಕಾರ್ಗಿ’ ನೋಂದಣಿಯ ಜಾಗಕ್ಕೆ ಬಂತು. ಗೊತ್ತಿರುವ ಪ್ಲಂಬರನ್ನು ಕರೆದು ತಟ್ಟಿ ಕುಟ್ಟಿ ನಡೆಸಿಕೊಳ್ಳುವ ದಾರಿ ಅಲ್ಲಿಲ್ಲ. ಅದರಿಂದಾಗಿಯೇ ಕವರ್ ಮಾರುವವರ ವ್ಯಾಪಾರ ಕುದುರಿತು.

ಬ್ರಿಟಿಷ್ ಗ್ಯಾಸ್‌ನ ಹೋಮ್‌ಕೇರ್, ಡೊಮೆಸ್ಟಿಕ್ ಅಂಡ್ ಜನರಲ್, ಹೋಮ್‌ಸರ್ವ್ ಈ ವ್ಯಾಪಾರದ ದೊಡ್ಡ ಹೆಸರುಗಳು. ಹೋಮ್‌ಸರ್ವ್ ಹುಟ್ಟಿದ್ದು 1993ರಲ್ಲಿ, ಸೌತ್ ಸ್ಟ್ಯಾಫರ್ಡ್‌ಶೈರ್‌ನ ನೀರು ಸರಬರಾಜು ಕಂಪನಿಯ ಒಡಲಿನಿಂದ. ಪಾಲಿಸಿಗಳನ್ನು ತಪ್ಪು ಕ್ರಮದಲ್ಲಿ ಮಾರಿದ್ದಕ್ಕೂ ದೂರುಗಳನ್ನು ಸರಿಯಾಗಿ ನೋಡದಿದ್ದಕ್ಕೂ ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ 2014ರ ಫೆಬ್ರುವರಿಯಲ್ಲಿ ಅದಕ್ಕೆ 3 ಕೋಟಿ ಪೌಂಡಿಗೂ ಮಿಕ್ಕಿ ದಂಡ ಹಾಕಿತು. ಕವರ್ ಎಂಬುದು ನಮ್ಮಲ್ಲಿ ವಾಟರ್ ಪ್ಯೂರಿಫೈಯರಿಗೆ ಮಾಡಿಸುವ ಎಎಂಸಿಗೆ ವಿಮೆಯನ್ನು ಬೆಸೆದಂಥ ಸರಕು: ವರ್ಷಕ್ಕೊಂದು ಸರ್ವೀಸ್, ಕೆಟ್ಟಾಗ ರಿಪೇರಿ, ಕೆಲವದರಲ್ಲಿ ಪ್ರತಿ ಭೇಟಿಗೂ ಗ್ರಾಹಕ ಕೈಯಿಂದ ತೆರಬೇಕಾದ ಒಂದು ಪಾಲು.

ಈ ಬೆಸುಗೆಯೇ ಮೊದಲ ಗೊಂದಲದ ಮೂಲ. ಒಪ್ಪಂದ ವಿಮೆಯಾದರೆ ಎಫ್‌ಸಿಎ ನಿಯಮಗಳೂ ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸೇವೆಯೂ ಗ್ರಾಹಕನ ಬೆನ್ನಿಗಿರುತ್ತವೆ. ಬರೀ ಸೇವಾ ಒಪ್ಪಂದವಾದರೆ ಆ ಆಸರೆ ಸಿಗುವುದು ಕಷ್ಟ. ‘ನಾವು ಹಣ ಕೊಡುವುದಿಲ್ಲ, ರಿಪೇರಿಯನ್ನಷ್ಟೇ ಮಾಡುತ್ತೇವೆ, ಆದ್ದರಿಂದ ಇದು ವಿಮೆಯಲ್ಲ’ ಎಂಬ ವಾದವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿತು. ಆ ಮೊಕದ್ದಮೆ ಟಿ.ವಿ. ಡಿಶ್ ಆಂಟೆನಾಗಳ ವಾರಂಟಿ ಮಾರುತ್ತಿದ್ದ ಡಿಜಿಟಲ್ ಸ್ಯಾಟಲೈಟ್ ವಾರಂಟಿ ಕವರ್ ಎಂಬ ಕಂಪನಿಯದು. ಬಾಯ್ಲರಿನ ಮಾತು ಅದರಲ್ಲಿ ಬಾರದಿದ್ದರೂ ತತ್ವ ಇಲ್ಲಿಗೂ ಸಲ್ಲುತ್ತದೆ. ಅಷ್ಟಾದರೂ ವಿಮೆಯ ಹೆಸರೆತ್ತದೆ ಕವರ್ ಮಾರುವವರು ಇಲ್ಲದಿಲ್ಲ. ಕೊಳ್ಳುವವರು ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ಒಪ್ಪಂದದ ಈ ಜಾತಿಯನ್ನು.

ನಿರಾಕರಣೆಯ ಕಾರಣಗಳು

ಎಲ್ಲಕ್ಕಿಂತ ಹೆಚ್ಚು ಕಹಿ ಹುಟ್ಟಿಸುವ ಕಾರಣ ಕೊಳವೆಗಳೊಳಗಿನ ಕೆಸರು. ಉಕ್ಕಿನ ರೇಡಿಯೇಟರ್ ಒಳಗಿಂದ ತುಕ್ಕು ಹಿಡಿಯುತ್ತ ಬಂದಂತೆ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಆಕ್ಸೈಡ್ ನೀರಿಗಿಳಿದು ತಳದಲ್ಲಿ ಕೂರುತ್ತದೆ. ಆಗ ರೇಡಿಯೇಟರಿನ ಮೇಲ್ಭಾಗ ಬಿಸಿ, ಕೆಳಭಾಗ ತಣ್ಣಗೆ. ಎಂಜಿನಿಯರ್ ವಾಲ್ವ್ ಸಡಿಲಿಸಿ ಒಂದಿಷ್ಟು ನೀರನ್ನು ಬಾಟಲಿಗೆ ಹಿಡಿದು ಹೊರಗಿನಿಂದ ಅಯಸ್ಕಾಂತ ಒತ್ತಿದರೆ ಕಪ್ಪು ಕಣಗಳು ಅದೇ ಬದಿಗೆ ಸರಿದು ಗಾಜಿಗಂಟಿ ನಿಲ್ಲುತ್ತವೆ. ಈ ಕೆಸರು ಪಂಪಿಗೂ, ನಲ್ಲಿನೀರು ಕಾಯಿಸುವ ಶಾಖ ವಿನಿಮಯಕದ ಸಣ್ಣ ಸಂದುಗಳಿಗೂ ನುಗ್ಗಿ ಅವುಗಳನ್ನು ಮುಚ್ಚಿಬಿಡುತ್ತದೆ. ಕಂಪನಿ ‘ಮೊದಲು ನಿಮ್ಮ ಖರ್ಚಿನಲ್ಲಿ ಪವರ್‌ಫ್ಲಶ್ ಮಾಡಿಸಿ, ಆಮೇಲೆ ಬರುತ್ತೇವೆ’ ಎನ್ನುತ್ತದೆ. ರಾಸಾಯನಿಕ ಹಾಕಿ ರಭಸದಿಂದ ಕೊಳವೆಗಳನ್ನು ತೊಳೆಯುವ ಈ ಕೆಲಸಕ್ಕೆ ನೂರಾರು ಪೌಂಡ್ ಬೇಕು, ಅನೇಕ ಪಾಲಿಸಿಗಳು ಅದನ್ನು ಹೊರಗಿಟ್ಟಿರುತ್ತವೆ.

‘ವರ್ಷ ವರ್ಷವೂ ನೀವೇ ಬಂದು ಸರ್ವೀಸ್ ಮಾಡಿದಿರಿ, ಒಮ್ಮೆಯಾದರೂ ಕೆಸರಿದೆ ಎಂದಿರಾ?’ ಎಂಬುದು ಗ್ರಾಹಕನ ಪ್ರಶ್ನೆ. ಕೇಳಲು ನ್ಯಾಯವಾಗಿಯೇ ಇದೆ, ಆದರೆ ಪೂರ್ತಿ ಗೆಲ್ಲುವ ಪ್ರಶ್ನೆಯಲ್ಲ. ವಾರ್ಷಿಕ ಸರ್ವೀಸಿನಲ್ಲಿ ನೋಡುವುದು ಬರ್ನರ್, ಹೊಗೆ ಕೊಳವೆ, ಗ್ಯಾಸ್ ಒತ್ತಡ, ಸುರಕ್ಷತೆ. ರೇಡಿಯೇಟರಿನ ನೀರು ಅದರ ಲೆಕ್ಕದಲ್ಲಿ ಬರುವುದೇ ಅಪರೂಪ. ಹಿಂದಿನ ಯಾವುದೋ ಭೇಟಿಯಲ್ಲಿ ಎಂಜಿನಿಯರ್ ‘ಪವರ್‌ಫ್ಲಶ್ ಅಗತ್ಯ’ ಎಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಕಂಪನಿಯ ಕೈ ಮೇಲು. ಅಂಥ ಬರಹವಿಲ್ಲದೆ, ಕೆಟ್ಟ ದಿನವೇ ಕೆಸರಿನ ಮಾತು ತೆಗೆದರೆ, ಕೆಟ್ಟ ಬಿಡಿಭಾಗಕ್ಕೂ ಕೆಸರಿಗೂ ಸಂಬಂಧವಿದೆಯೆಂದು ತೋರಿಸುವ ಹೊರೆ ಕಂಪನಿಯ ಮೇಲೆ ಭಾರವಾಗಿ ಬೀಳುತ್ತದೆ. ಫ್ಯಾನ್ ಸುಟ್ಟುಹೋಗಿರುವಾಗ ಕೆಸರನ್ನು ದೂರುವುದು ಕುಂಟು ನೆಪ; ಫ್ಯಾನಿನ ಬಳಿಗೆ ಆ ನೀರು ಹೋಗುವುದೇ ಇಲ್ಲ.

‘ಮೊದಲೇ ಇದ್ದ ದೋಷ’ ಎಂಬುದು ಎರಡನೆಯ ದೊಡ್ಡ ಕಾರಣ. ಹೆಚ್ಚಿನ ಪಾಲಿಸಿಗಳಲ್ಲಿ ಮೊದಲ ಕೆಲವು ವಾರ ಕ್ಲೇಮ್ ಮಾಡುವಂತಿಲ್ಲ. ಕೆಲವು ಕಂಪನಿಗಳು ಮೊದಲಿಗೆ ಒಬ್ಬರನ್ನು ಕಳಿಸಿ ಬಾಯ್ಲರ್ ಪರೀಕ್ಷಿಸುತ್ತವೆ. ಹಾಗೆ ನೋಡಿ ಒಪ್ಪಿಕೊಂಡ ಮೇಲೆ ಕಣ್ಣಿಗೆ ಕಾಣುವಂತಿದ್ದ ದೋಷವನ್ನು ತಿಂಗಳುಗಳ ನಂತರ ಎತ್ತುವುದು ಸುಲಭವಲ್ಲ. ನೋಡದೆಯೇ ಹಣ ಪಡೆಯಲು ಶುರುಮಾಡಿದ ಕಂಪನಿಗಳಲ್ಲಿ ಈ ತಕರಾರು ಹೆಚ್ಚು.

ಅಳವಡಿಕೆಯ ದೋಷವೂ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್‌ಗಳು ಕಂಡೆನ್ಸಿಂಗ್ ಮಾದರಿಯವೇ ಆಗಿರಬೇಕೆಂಬ ನಿಯಮ ಬಂತು. ಇವು ಹೊಗೆಯ ಆವಿಯನ್ನು ನೀರಾಗಿಸಿ ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹೊರಬಿಡುತ್ತವೆ. ಹೊರಗೋಡೆಯ ಮೇಲಿನ ಆ ಕೊಳವೆ ಸಣ್ಣದಾಗಿದ್ದರೆ ಹಿಮ ಬಿದ್ದ ರಾತ್ರಿ ಅದರೊಳಗಿನ ನೀರು ಗಡ್ಡೆಕಟ್ಟಿ, ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಬಿಡುತ್ತದೆ. ಕುದಿಯುವ ನೀರಲ್ಲ, ಬೆಚ್ಚನೆಯ ನೀರು ಸುರಿದರೆ ಸಾಮಾನ್ಯವಾಗಿ ಸರಿಹೋಗುವ ತೊಂದರೆಯಿದು. ಮತ್ತೆ ಮತ್ತೆ ಆದರೆ ‘ಕೊಳವೆ ಹಾಕಿದವರ ತಪ್ಪು, ನಮ್ಮದಲ್ಲ’ ಎಂಬ ಉತ್ತರ ಬರುತ್ತದೆ, ಬಹಳ ಸಲ ಅದು ನಿಜವೂ ಹೌದು.

ಬಾಯ್ಲರ್ ಹಳೆಯದಾಯಿತು, ಬಿಡಿಭಾಗ ಸಿಗುತ್ತಿಲ್ಲ, ರಿಪೇರಿ ಖರ್ಚು ಅದರ ಬೆಲೆಯನ್ನೇ ಮೀರುತ್ತದೆ ಎಂಬ ಕಾರಣಗಳೂ ಸಾಮಾನ್ಯ. ಬಿಡಿಭಾಗ ಸಿಗುತ್ತಿಲ್ಲ ಎಂದರೆ ಕೆಲವೊಮ್ಮೆ ಕಂಪನಿಯ ಗೋದಾಮಿನಲ್ಲಿ ಇಲ್ಲ ಎಂದಷ್ಟೇ ಅರ್ಥ.

ಇವುಗಳಿಂದ ಬೇರೆಯಾಗಿ ನೋಡಬೇಕಾದದ್ದು ಸುರಕ್ಷತೆಯ ಪ್ರಶ್ನೆ. ಬಾಯ್ಲರ್ ‘ತಕ್ಷಣದ ಅಪಾಯ’ದ ಸ್ಥಿತಿಯಲ್ಲಿದೆ ಎಂದು ಕಂಡರೆ ಎಂಜಿನಿಯರ್ ಮನೆಯವರ ಒಪ್ಪಿಗೆ ಕೇಳಿ ಗ್ಯಾಸ್ ಸಂಪರ್ಕ ಕಡಿದು ಎಚ್ಚರಿಕೆಯ ಚೀಟಿ ಅಂಟಿಸುತ್ತಾನೆ. ಇದನ್ನು ರಿಪೇರಿ ತಪ್ಪಿಸಿಕೊಳ್ಳುವ ಉಪಾಯವೆಂದು ಬಗೆದು ಸಿಟ್ಟಾಗುವವರಿದ್ದಾರೆ. ಆದರೆ ಕೆಟ್ಟ ಬಾಯ್ಲರ್ ಉಗುಳಬಲ್ಲ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುವ ಅನಿಲ. ಆ ಚೀಟಿಯನ್ನು ಕಿತ್ತು ಮತ್ತೆ ಹೊತ್ತಿಸಬಾರದು.

ಕಾನೂನು

ವಿಮೆಯ ಮಟ್ಟಿಗೆ ಒಂಬುಡ್ಸ್‌ಮನ್ ಅನುಸರಿಸುವ ಸೂತ್ರ ಸರಳವಾದದ್ದು: ಪಾಲಿಸಿಯ ವ್ಯಾಪ್ತಿಗೆ ಬರುವ ನಷ್ಟವಾಗಿದೆ ಎಂದು ಗ್ರಾಹಕ ತೋರಿಸಬೇಕು, ವಿನಾಯಿತಿ ಷರತ್ತು ಅನ್ವಯಿಸುತ್ತದೆ ಎಂದು ಕಂಪನಿ ತೋರಿಸಬೇಕು. ಎಫ್‌ಸಿಎ ನಿಯಮಗಳಂತೆ ಕ್ಲೇಮನ್ನು ಬೇಗನೆ, ನ್ಯಾಯವಾಗಿ ನಿಭಾಯಿಸಬೇಕು, ಸಕಾರಣವಿಲ್ಲದೆ ತಿರಸ್ಕರಿಸುವಂತಿಲ್ಲ. 2012ರ ಗ್ರಾಹಕ ವಿಮಾ ಕಾಯಿದೆಯ ಪ್ರಕಾರ, ಪಾಲಿಸಿ ಕೊಳ್ಳುವವರು ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಕೊಡದಂತೆ ಸಾಕಷ್ಟು ಎಚ್ಚರ ವಹಿಸಿದರಾಯಿತು. ಕೇಳದ್ದನ್ನೆಲ್ಲ ತಾವಾಗಿ ಹೇಳಬೇಕಿಲ್ಲ. 2015ರ ವಿಮಾ ಕಾಯಿದೆಯ 11ನೇ ಸೆಕ್ಷನ್ ಈ ತಕರಾರುಗಳಲ್ಲಿ ಬಹಳ ಉಪಯುಕ್ತ. ಷರತ್ತು ಮುರಿದದ್ದರಿಂದ ಆ ನಷ್ಟ ಆಗುವ ಅಪಾಯ ಹೆಚ್ಚುವ ಸಾಧ್ಯತೆಯೇ ಇರಲಿಲ್ಲವೆಂದು ತೋರಿಸಿದರೆ, ಆ ಷರತ್ತಿನ ನೆಪದಲ್ಲಿ ಕಂಪನಿ ಕೈತೊಳೆದುಕೊಳ್ಳಲಾಗದು. ಸರ್ವೀಸ್ ಒಂದು ವರ್ಷ ತಪ್ಪಿತ್ತು ನಿಜ, ಆದರೆ ಕೆಟ್ಟದ್ದು ಸರ್ಕ್ಯೂಟ್ ಬೋರ್ಡ್. ಸರ್ವೀಸ್ ಮಾಡಿಸಿದ್ದರೆ ಅದು ಉಳಿಯುತ್ತಿತ್ತೇ ಎಂದು ಆಗ ಕೇಳಬಹುದು. ಬರೀ ಸೇವಾ ಒಪ್ಪಂದವಿದ್ದವರಿಗೆ 2015ರ ಗ್ರಾಹಕ ಹಕ್ಕುಗಳ ಕಾಯಿದೆ ಆಧಾರ: ಕೆಲಸವನ್ನು ತಕ್ಕ ಎಚ್ಚರ ಮತ್ತು ಕುಶಲತೆಯಿಂದ ಮಾಡಬೇಕು, ಅನ್ಯಾಯದ ಷರತ್ತು ಗ್ರಾಹಕನನ್ನು ಕಟ್ಟಿಹಾಕದು.

ದೂರನ್ನು ಮೊದಲು ಕಂಪನಿಗೇ ಕೊಡಬೇಕು. ಅಂತಿಮ ಉತ್ತರಕ್ಕೆ ಅದಕ್ಕೆ 8 ವಾರಗಳ ಕಾಲಾವಕಾಶ. ಉತ್ತರ ಸಮಾಧಾನ ತರದಿದ್ದರೆ 6 ತಿಂಗಳೊಳಗೆ ಒಂಬುಡ್ಸ್‌ಮನ್ ಸೇವೆಗೆ ಹೋಗಬಹುದು, ಗ್ರಾಹಕನಿಗೆ ಶುಲ್ಕವಿಲ್ಲ. ಒಂಬುಡ್ಸ್‌ಮನ್ನರ ಅಂತಿಮ ತೀರ್ಮಾನವನ್ನು ಗ್ರಾಹಕ ಒಪ್ಪಿಕೊಂಡರೆ ಕಂಪನಿ ಅದಕ್ಕೆ ಬದ್ಧ, ಒಪ್ಪದಿದ್ದರೆ ಕೋರ್ಟಿನ ದಾರಿ ತೆರೆದೇ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡ್‌ವರೆಗಿನ ಇಂಥ ದಾವೆ ಸಣ್ಣ ವ್ಯಾಜ್ಯಗಳ ವಿಭಾಗದಲ್ಲಿ ನಡೆಯುತ್ತದೆ. ರಿಪೇರಿಯ ಖರ್ಚಿನ ಜೊತೆಗೆ, ಚಳಿಯಲ್ಲಿ ಕೂಸು, ಮುದುಕರೊಂದಿಗೆ ದಿನ ದೂಡಿದ ಕಷ್ಟಕ್ಕೂ ಒಂಬುಡ್ಸ್‌ಮನ್ ಪರಿಹಾರ ಕೊಡಿಸುವುದುಂಟು. ಅದು ಸಾಮಾನ್ಯವಾಗಿ ನೂರಾರು ಪೌಂಡಿನ ಮಾತು, ಸಾವಿರಾರರದಲ್ಲ.

ಒಬ್ಬ ಎಂಜಿನಿಯರನ ಒಂದು ಸಾಲಿನ ಷರಾ ಎಷ್ಟೋ ಪ್ರಕರಣಗಳ ಹಣೆಬರಹ ನಿರ್ಧರಿಸುತ್ತದೆ. ಅದನ್ನು ಎದುರಿಸಲು ಗ್ಯಾಸ್ ಸೇಫ್ ನೋಂದಣಿಯುಳ್ಳ ಮತ್ತೊಬ್ಬರ ಲಿಖಿತ ವರದಿಯೇ ಬೇಕು. ಫೋನಿನಲ್ಲಿ ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ. ಕಂಪನಿ ನೋಡುವ ಮೊದಲೇ ಬೇರೆಯವರಿಂದ ರಿಪೇರಿ ಮಾಡಿಸಿ ಹಳೆಯ ಬಿಡಿಭಾಗ ಎಸೆದವರ ಕೈಯಲ್ಲಿ ಸಾಕ್ಷ್ಯವೇ ಉಳಿಯುವುದಿಲ್ಲ.

ಓದಿಗೂ ಕೆಲಸಕ್ಕೂ ಬ್ರಿಟನ್ನಿಗೆ ಹೋಗಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಈ ಜಗಳಕ್ಕೆ ಇಳಿಯಬೇಕಾದದ್ದೇ ಇಲ್ಲ. ಇಂಗ್ಲೆಂಡಿನಲ್ಲಿ 1985ರ ಮನೆಮಾಲೀಕ ಮತ್ತು ಬಾಡಿಗೆದಾರರ ಕಾಯಿದೆಯ 11ನೇ ಸೆಕ್ಷನ್‌ನಂತೆ ಸಾಮಾನ್ಯ ಅಲ್ಪಾವಧಿ ಬಾಡಿಗೆಗಳಲ್ಲಿ ಮನೆ ಬೆಚ್ಚಗಿಡುವ, ನೀರು ಕಾಯಿಸುವ ಸಲಕರಣೆಗಳನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಹೊಣೆ. ‘ಕವರ್ ಕಂಪನಿ ಬರಲೊಪ್ಪುತ್ತಿಲ್ಲ’ ಎಂಬುದು ಮಾಲೀಕನ ತಲೆನೋವೇ ಹೊರತು ಬಾಡಿಗೆದಾರನದಲ್ಲ. ಸ್ವಂತ ಮನೆಯವರು ಮಾತ್ರ ಕವರ್ ಕೊಳ್ಳುವ ಮುನ್ನ ಒಂದು ಕೆಲಸ ಮಾಡಬೇಕು. ಒಂಬುಡ್ಸ್‌ಮನ್ ಸೇವೆ 2013ರಿಂದ ತನ್ನ ಅಂತಿಮ ತೀರ್ಮಾನಗಳನ್ನು ಗ್ರಾಹಕರ ಹೆಸರು ಮರೆಮಾಡಿ, ಕಂಪನಿಯ ಹೆಸರು ಉಳಿಸಿ ಪ್ರಕಟಿಸುತ್ತಿದೆ. ತಾವು ಆರಿಸಿಕೊಂಡ ಕಂಪನಿಯ ಹೆಸರನ್ನು ಅಲ್ಲಿ ಹುಡುಕಿ ಓದಬೇಕು.