ಮೊದಲ ಬಾಗಿಲು: ಅಮೆರಿಕದ ಪ್ರೈಮರಿ ಮತ್ತು ಎರಡು ಪಕ್ಷಗಳ ಕಥೆ



ಚುನಾವಣೆ ಎಂದಕೂಡಲೇ ನಮಗೆಲ್ಲ ನೆನಪಾಗುವುದು ನವೆಂಬರ್ ತಿಂಗಳು. ಆದರೆ ನವೆಂಬರಿನ ಮತಪತ್ರದಲ್ಲಿ ಕಾಣುವ ಆ ಎರಡು ಹೆಸರುಗಳನ್ನು ಅಲ್ಲಿಗೆ ತಂದು ನಿಲ್ಲಿಸಿದವರು ಯಾರು? "ಆಂಟಿ, ಇಷ್ಟು ದೊಡ್ಡ ದೇಶಕ್ಕೆ ಎರಡೇ ಪಕ್ಷ ಯಾಕೆ? ಇಬ್ಬರೂ ಇಷ್ಟ ಇಲ್ಲ ಅಂದ್ರೆ ಏನ್ ಮಾಡೋದು?" ಎಂದು ಕನ್ನಡ ತರಗತಿಯ ಹೈಸ್ಕೂಲ್ ಮಕ್ಕಳು ಕೇಳುತ್ತಿರುತ್ತಾರೆ. ನಿಮ್ಮಲ್ಲೂ ಹಲವರಿಗೆ ಈ ಪ್ರಶ್ನೆ ಬಂದಿರಬಹುದು. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಪಕ್ಷ ಎಂಬ ಪದಕ್ಕೆ ಸಂಸ್ಕೃತದಲ್ಲಿ ರೆಕ್ಕೆ ಎಂದೂ ಅರ್ಥವಿದೆ. ರೆಕ್ಕೆ ಇದ್ದದ್ದು ಪಕ್ಷಿ. ಹಕ್ಕಿಗೆ ಎರಡೇ ರೆಕ್ಕೆ ಇರುವುದು ಪ್ರಕೃತಿಯ ನಿಯಮ. ಆದರೆ ಅಮೆರಿಕಕ್ಕೆ ಎರಡೇ ಪಕ್ಷ ಇರಬೇಕು ಎಂದು ಯಾವ ಸಂವಿಧಾನವೂ ಹೇಳಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇರಲಿಲ್ಲ. ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಪಕ್ಷ ಕಟ್ಟಿಕೊಂಡು ಹಗೆ ಸಾಧಿಸುವುದರ ವಿರುದ್ಧ ದೇಶವನ್ನು ಎಚ್ಚರಿಸಿದರು. ಗುಂಪುಗಾರಿಕೆಯ ಅಪಾಯದ ಬಗ್ಗೆ ಬರೆದಿದ್ದ ಜೇಮ್ಸ್ ಮ್ಯಾಡಿಸನ್ ಅವರೇ ಕೆಲವು ವರ್ಷಗಳಲ್ಲಿ ಥಾಮಸ್ ಜೆಫರ್ಸನ್ ಜೊತೆ ಸೇರಿ ಒಂದು ಪಕ್ಷ ಕಟ್ಟಿದರು. ಎದುರಿಗೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರ ಫೆಡರಲಿಸ್ಟರು ನಿಂತರು. ಬೇಡ ಎಂದವರ ಕಾಲದಲ್ಲೇ ಎರಡು ಬಣಗಳು ಹುಟ್ಟಿದ್ದು ಹೀಗೆ.

ಎರಡೇ ಏಕೆ? ಒಂದು ಕ್ಷೇತ್ರಕ್ಕೆ ಒಬ್ಬರೇ ಪ್ರತಿನಿಧಿ, ಹೆಚ್ಚು ಮತ ಪಡೆದವರೇ ವಿಜಯಿ. ಈ ನಿಯಮವಿರುವ ಕಡೆ ಮೂರನೆಯವರಿಗೆ ಹಾಕಿದ ಮತ ವ್ಯರ್ಥವಾಗುತ್ತದೆ ಎಂದು ಜನ ಹಿಂಜರಿಯುತ್ತಾರೆ, ಕ್ರಮೇಣ ಕಣದಲ್ಲಿ ಇಬ್ಬರೇ ಉಳಿಯುತ್ತಾರೆ. ಫ್ರಾನ್ಸಿನ ವಿದ್ವಾಂಸ ಮೊರಿಸ್ ಡ್ಯುವರ್ಜೆ ವಿವರಿಸಿದ ಸೂತ್ರ ಇದು. 1992ರಲ್ಲಿ ರಾಸ್ ಪೆರೋ ದೇಶದ ಸುಮಾರು ಶೇ. 19ರಷ್ಟು ಮತ ಪಡೆದರೂ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಮತಗಳಲ್ಲಿ ಒಂದೂ ಅವರಿಗೆ ಸಿಗಲಿಲ್ಲ.

ಎರಡೇ ಪಕ್ಷ ಉಳಿದ ಮೇಲೆ, ಆ ಪಕ್ಷಗಳ ಅಭ್ಯರ್ಥಿಯನ್ನು ಯಾರು ಆರಿಸುತ್ತಾರೆ ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಕರ್ನಾಟಕದ ಚುನಾವಣೆಯ ಸಮಯದಲ್ಲಿ ನಿಮ್ಮ ಅಜ್ಜನೋ ಮಾವನೋ ಫೋನಿನಲ್ಲಿ ಮಾತನಾಡುವುದನ್ನು ಕೇಳಿದ್ದರೆ ಟಿಕೆಟ್, ಬಿ ಫಾರಂ, ಹೈಕಮಾಂಡ್ ಎಂಬ ಮಾತುಗಳು ನಿಮ್ಮ ಕಿವಿಗೆ ಬಿದ್ದಿರುತ್ತವೆ. ಅಲ್ಲಿ ಯಾರಿಗೆ ಟಿಕೆಟ್ ಎಂಬುದನ್ನು ತೀರ್ಮಾನಿಸುವುದು ಪಕ್ಷದ ವರಿಷ್ಠರು. ಅಮೆರಿಕದಲ್ಲೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ಮೊದಲು ಕಾಂಗ್ರೆಸ್ ಸದಸ್ಯರೇ ಕೂತು ತಮ್ಮ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುತ್ತಿದ್ದರು. 1824ರಲ್ಲಿ ಆ ಪದ್ಧತಿ ಮುರಿದುಬಿತ್ತು. ನಂತರ ಬಂದದ್ದು ಸಮ್ಮೇಳನ. ಮೊದಲ ರಾಷ್ಟ್ರೀಯ ಸಮ್ಮೇಳನವನ್ನು 1831ರಲ್ಲಿ ಬಾಲ್ಟಿಮೋರಿನಲ್ಲಿ ನಡೆಸಿದ್ದು ಆ್ಯಂಟಿ ಮೇಸನಿಕ್ ಎಂಬ ಮೂರನೆಯ ಪಕ್ಷ ಎಂಬುದು ಸ್ವಾರಸ್ಯದ ಸಂಗತಿ! ದೊಡ್ಡ ಪಕ್ಷಗಳು ಅದನ್ನೇ ಅನುಸರಿಸಿದವು. ಕಾಲ ಕಳೆದಂತೆ ಸಮ್ಮೇಳನಗಳೂ ಊರೂರಿನ ಪಕ್ಷದ ಧಣಿಗಳ ಕೈಗೆ ಹೋದವು.

ಈ ಧಣಿಗಳ ಹಿಡಿತ ಬಿಡಿಸಲು ಹೊರಟವರಲ್ಲಿ ಮುಖ್ಯರು ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾಫಾಲೆಟ್. ಅಭ್ಯರ್ಥಿಯನ್ನು ಮತದಾರರೇ ನೇರವಾಗಿ ಆರಿಸಲಿ ಎಂಬ ಅವರ ಪ್ರೈಮರಿ ಕಾನೂನಿಗೆ 1904ರಲ್ಲಿ ಅಲ್ಲಿನ ಜನ ಒಪ್ಪಿಗೆ ಕೊಟ್ಟರು. ಆದರೆ ಧಣಿಗಳು ಅಷ್ಟು ಸುಲಭಕ್ಕೆ ಸೋಲಲಿಲ್ಲ. 1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಒಂಬತ್ತು ರಾಜ್ಯಗಳ ಪ್ರೈಮರಿ ಗೆದ್ದರು. ಅಧ್ಯಕ್ಷ ಟಾಫ್ಟ್ ಅವರ ತವರು ಒಹಾಯೋ ಕೂಡ ಅದರಲ್ಲಿತ್ತು. ಆದರೂ ಷಿಕಾಗೋ ಸಮ್ಮೇಳನ ರಿಪಬ್ಲಿಕನ್ ಟಿಕೆಟ್ ಕೊಟ್ಟದ್ದು ಟಾಫ್ಟ್ ಅವರಿಗೇ. ರೂಸ್‌ವೆಲ್ಟ್ ಬೇರೆ ಪಕ್ಷ ಕಟ್ಟಿ ನಿಂತರು. ಮತ ಒಡೆಯಿತು, ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಗೆದ್ದರು.

ಜನರಿಗಾಗಿ ತೆರೆದ ಈ ಬಾಗಿಲನ್ನೇ ಕೆಲವರ ಮುಖಕ್ಕೆ ಮುಚ್ಚಿದ ಕಥೆಯೂ ಇದೆ, ಅದನ್ನು ನೀವು ತಿಳಿದಿರಲೇಬೇಕು. ಆಗ ಟೆಕ್ಸಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಏಕಚಕ್ರಾಧಿಪತ್ಯ. ಅದರ ಪ್ರೈಮರಿ ಗೆದ್ದವರು ನವೆಂಬರಿನಲ್ಲಿ ಗೆದ್ದಂತೆಯೇ. 1923ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿ, ಕಪ್ಪು ಜನರು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕುವಂತಿಲ್ಲ ಎಂದಿತು. ನವೆಂಬರಿನಲ್ಲಿ ಬೇಕಾದರೆ ಹಾಕಿಕೊಳ್ಳಿ, ಅಷ್ಟು ಹೊತ್ತಿಗೆ ಎಲ್ಲವೂ ತೀರ್ಮಾನವಾಗಿರುತ್ತದೆ ಎಂಬ ಧೋರಣೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಅದೇ ಸ್ಥಿತಿ. ಸಂವಿಧಾನದ 15ನೇ ತಿದ್ದುಪಡಿ ಕೊಟ್ಟದ್ದನ್ನು ಪಕ್ಷ ತಡೆದು ನಿಂತಿತ್ತು.

ಎಲ್ ಪಾಸೋದ ವೈದ್ಯ ಲಾರೆನ್ಸ್ ನಿಕ್ಸನ್ ಸುಪ್ರೀಂ ಕೋರ್ಟಿಗೆ ಹೋಗಿ 1927ರಲ್ಲಿ ಗೆದ್ದರು. ರಾಜ್ಯ ಉಪಾಯ ಬದಲಿಸಿತು. ಯಾರು ಮತ ಹಾಕಬಹುದು ಎಂಬುದನ್ನು ಪಕ್ಷದ ಸಮಿತಿ ನಿರ್ಧರಿಸಲಿ ಎಂದಿತು. ನಿಕ್ಸನ್ ಮತ್ತೆ ಹೋದರು, 1932ರಲ್ಲಿ ಮತ್ತೆ ಗೆದ್ದರು. ಆಗ ಪಕ್ಷವು ತಾನೊಂದು ಖಾಸಗಿ ಸಂಘ, ಸದಸ್ಯರು ಯಾರು ಎಂಬುದು ತನ್ನಿಷ್ಟ ಎಂದಿತು. 1935ರಲ್ಲಿ ಕೋರ್ಟು ಅದನ್ನು ಒಪ್ಪಿಯೂ ಬಿಟ್ಟಿತು! ಕೊನೆಗೆ ಹ್ಯೂಸ್ಟನ್ನಿನ ದಂತವೈದ್ಯ ಲಾನಿ ಸ್ಮಿತ್ ಅವರ ಮೊಕದ್ದಮೆಯಲ್ಲಿ, ವಕೀಲ ಥರ್ಗುಡ್ ಮಾರ್ಷಲ್ ಅವರ ವಾದ ಕೇಳಿ, 1944ರಲ್ಲಿ ಎಂಟು ನ್ಯಾಯಮೂರ್ತಿಗಳು ಒಂದಾಗಿ ಈ ಪದ್ಧತಿಯನ್ನು ರದ್ದು ಮಾಡಿದರು. ಒಬ್ಬರು ಮಾತ್ರ ಒಪ್ಪಲಿಲ್ಲ. ಪ್ರೈಮರಿಯ ಒಂದು ಮತಕ್ಕಾಗಿ ಇಪ್ಪತ್ತು ವರ್ಷಗಳ ಹೋರಾಟ.

ಇದು ನಮ್ಮ ಕಥೆಯಲ್ಲ ಎಂದುಕೊಳ್ಳಬೇಡಿ. ಅದೇ 1923ರಲ್ಲಿ ಸುಪ್ರೀಂ ಕೋರ್ಟು, ಭಗತ್ ಸಿಂಗ್ ಥಿಂಡ್ ಎಂಬುವರ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ಆ ಬಾಗಿಲು ತೆರೆದದ್ದು 1946ರ ಕಾನೂನಿನಿಂದ. ಹತ್ತೇ ವರ್ಷಗಳಲ್ಲಿ, 1956ರಲ್ಲಿ, ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ಪಕ್ಷದ ಪ್ರೈಮರಿ ಗೆದ್ದೇ ಅವರು ಅಲ್ಲಿಗೆ ಹೋದದ್ದು.

ಇನ್ನು ಅಧ್ಯಕ್ಷರ ಚುನಾವಣೆಗೆ ಬರೋಣ. 1968ರಲ್ಲೂ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಗೆ ನಿಲ್ಲದೆ ಡೆಮಾಕ್ರಟಿಕ್ ಟಿಕೆಟ್ ಪಡೆದರು. ವಿಯೆಟ್ನಾಂ ಯುದ್ಧ ವಿರೋಧಿಸುತ್ತಿದ್ದ ಯುವಕರು ಷಿಕಾಗೋ ಬೀದಿಗಳಲ್ಲಿ ಪೊಲೀಸರಿಂದ ಏಟು ತಿಂದರು. ಆ ಗಲಭೆಯ ನಂತರ ಪಕ್ಷ ತನ್ನ ನಿಯಮ ಬದಲಿಸಿತು. 1972ರಿಂದೀಚೆಗೆ ಪ್ರೈಮರಿಗಳೇ ನಿರ್ಣಾಯಕವಾದವು. ಅಂದರೆ, ಈಗ ನಾವು ಸನಾತನ ಎಂದುಕೊಳ್ಳುವ ಪದ್ಧತಿಗೆ ನಿಮ್ಮ ಅಪ್ಪ ಅಮ್ಮನಷ್ಟೇ ವಯಸ್ಸು.

ಹಾಗಾದರೆ ಈ ಪದ್ಧತಿ ಇಂದಿಗೂ ಮತದಾರರ ಕೆಲಸಕ್ಕೆ ಬರುತ್ತಿದೆಯೇ? ಅರ್ಧ ಮಾತ್ರ ಬರುತ್ತಿದೆ ಎಂದು ನನಗನ್ನಿಸುತ್ತದೆ. ಬಹುಪಾಲು ಕ್ಷೇತ್ರಗಳು ಈಗ ಒಂದೇ ಪಕ್ಷದ ಕೋಟೆಗಳು. ನಿಜವಾದ ಸ್ಪರ್ಧೆ ಪ್ರೈಮರಿಯಲ್ಲೇ ಮುಗಿದುಹೋಗುತ್ತದೆ. ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷಗಳಲ್ಲಿ ಅಲ್ಲಿಗೆ ಬರುವವರು ಐದು ಮತದಾರರಲ್ಲಿ ಸುಮಾರು ಒಬ್ಬರು. ಗ್ಯಾಲಪ್ ಸಮೀಕ್ಷೆಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಜನ ತಾವು ಯಾವ ಪಕ್ಷಕ್ಕೂ ಸೇರಿದವರಲ್ಲ ಎನ್ನುತ್ತಾರೆ. ಆದರೆ ನ್ಯೂಯಾರ್ಕ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಪಕ್ಷಕ್ಕೆ ನೋಂದಾಯಿಸದವರಿಗೆ ಪ್ರೈಮರಿಯಲ್ಲಿ ಪ್ರವೇಶವಿಲ್ಲ.

ನಮಗೆ ಹತ್ತಿರದ ಉದಾಹರಣೆ ನೋಡಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಡೆಟ್ರಾಯಿಟ್ ಪ್ರದೇಶದ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಕಣದಲ್ಲಿ ಒಟ್ಟು ಒಂಬತ್ತು ಜನ. ಸುಮಾರು ಶೇ. 28ರಷ್ಟು ಮತ ಪಡೆದು ಅವರು ಗೆದ್ದರು, ಉಳಿದದ್ದು ಎಂಟು ಜನರಲ್ಲಿ ಹಂಚಿಹೋಯಿತು. ನವೆಂಬರಿನಲ್ಲಿ ಅವರ ಗೆಲುವು ಸಲೀಸಾಗಿತ್ತು. ನಮ್ಮ ನಾಡಿನಿಂದ ಬಂದವರೊಬ್ಬರು ಕಾಂಗ್ರೆಸ್ಸಿಗೆ ಹೋದರು ಎಂದು ಹೆಮ್ಮೆಪಡಬಹುದು. ಹಾಗೆಯೇ, ಆ ಕ್ಷೇತ್ರದ ಫಲಿತಾಂಶ ನಿಜಕ್ಕೂ ತೀರ್ಮಾನವಾದದ್ದು ನವೆಂಬರಿನಲ್ಲಲ್ಲ, ಆಗಸ್ಟಿನಲ್ಲಿ ಎಂಬುದನ್ನೂ ಗಮನಿಸಬೇಕು.

ಪಕ್ಷಗಳೇ ಬೇಡ ಎಂದು ನಾನು ಹೇಳುವುದಿಲ್ಲ. ಕೋಟಿಗಟ್ಟಲೆ ಜನರನ್ನು ಒಂದು ಕಾರ್ಯಕ್ರಮದ ಸುತ್ತ ಸೇರಿಸುವುದು, ಅಧಿಕಾರದಲ್ಲಿ ಇರುವವರನ್ನು ಪ್ರಶ್ನಿಸುವುದು, ಇವೆಲ್ಲ ಪಕ್ಷವಿಲ್ಲದೆ ಆಗುವ ಕೆಲಸಗಳಲ್ಲ. ಬೇಕಾಗಿರುವುದು ಬಾಗಿಲನ್ನು ಅಗಲ ಮಾಡುವುದು. ಆ ಪ್ರಯತ್ನಗಳೂ ನಡೆದಿವೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಎಲ್ಲರಿಗೂ ಒಂದೇ ಪ್ರೈಮರಿ, ಮೊದಲ ಇಬ್ಬರು ನವೆಂಬರಿಗೆ ಎಂಬ ನಿಯಮ ಒಪ್ಪಿದರು. ಅದರಿಂದ 2016ರ ಸೆನೆಟ್ ಸ್ಪರ್ಧೆಯಲ್ಲಿ ಇಬ್ಬರೂ ಡೆಮಾಕ್ರಟರೇ ಉಳಿದದ್ದೂ ಉಂಟು. ಅಲಾಸ್ಕದಲ್ಲಿ 2022ರಿಂದ ಮೊದಲ ನಾಲ್ವರು ಮುಂದಕ್ಕೆ ಹೋಗುತ್ತಾರೆ, ನವೆಂಬರಿನಲ್ಲಿ ಮತದಾರರು ಅವರನ್ನು ಒಂದು, ಎರಡು, ಮೂರು ಎಂದು ತಮ್ಮ ಇಷ್ಟದ ಕ್ರಮದಲ್ಲಿ ಗುರುತಿಸುತ್ತಾರೆ. 2024ರಲ್ಲಿ ಅದನ್ನು ತೆಗೆದುಹಾಕುವ ಪ್ರಯತ್ನ ಒಂದು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತಿತು. ಅದೇ ದಿನ ನೆವಾಡಾ, ಕೊಲರಾಡೋ, ಐಡಾಹೋ ಮತದಾರರು ಇಂಥ ಬದಲಾವಣೆ ಬೇಡವೆಂದರು. ವಾದ ಇನ್ನೂ ಮುಗಿದಿಲ್ಲ. ಮುಗಿಸಬೇಕಾದವರು ನಿಮ್ಮ ತಲೆಮಾರಿನವರು.

ಅಲ್ಲಿಯವರೆಗೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಆಗಸ್ಟಿನಲ್ಲಿ ಸುಮ್ಮನಿದ್ದು ನವೆಂಬರಿನಲ್ಲಿ ಗೊಣಗಿದರೆ ಫಲವಿಲ್ಲ. ವರ್ಜೀನಿಯಾ, ಮೇರಿಲ್ಯಾಂಡ್, ಇಲಿನಾಯ್, ಒಹಾಯೋ ಮುಂತಾದ ರಾಜ್ಯಗಳಲ್ಲಿ ನವೆಂಬರಿಗೆ 18 ತುಂಬುವ ಪ್ರಜೆಗಳು 17ರಲ್ಲೇ ಪ್ರೈಮರಿಯಲ್ಲಿ ಮತ ಹಾಕಬಹುದು. ನಿಮ್ಮ ರಾಜ್ಯದ ನಿಯಮ ಏನು, ಪಕ್ಷಕ್ಕೆ ನೋಂದಾಯಿಸಬೇಕೇ, ಕೊನೆಯ ದಿನಾಂಕ ಯಾವುದು, ಇಷ್ಟನ್ನು ಈ ವಾರವೇ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಇನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದಾರೆ. ಇಲ್ಲೇ ಹುಟ್ಟಿದ ನೀವೊಬ್ಬರೇ ಆ ಮನೆಯ ಮತದಾರರು. ನಿಮ್ಮ ಒಂದು ಮತದಲ್ಲಿ ಅವರ ಪಾಲೂ ಇದೆ ಎಂಬುದನ್ನು ಮರೆಯಬೇಡಿ.