ಹೆಸರು ಹಿಡಿಸಿದ ತಪ್ಪು ದಾರಿ: ಮೂತ್ರಪಿಂಡದ ಒಂದು ಪುಟ್ಟ ಪ್ರೋಟೀನಿನ ಚರಿತ್ರೆ

ಸಾಹಿತ್ಯದ ವಿದ್ಯಾರ್ಥಿಗೆ ವಿಜ್ಞಾನದ ಚರಿತ್ರೆ ಯಾಕೆ ಅಂತ ಕೇಳಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಠ್ಯವನ್ನು ಕನ್ನಡ ಅನುವಾದದಲ್ಲಿ ಓದುತ್ತಾರೆ. ಹಾಗಾಗಿ ಪಾರಿಭಾಷಿಕ ಪದ ಹೇಗೆ ಹುಟ್ಟುತ್ತದೆ ಅನ್ನುವುದು ನಮಗೂ ಸೇರಿದ ಪ್ರಶ್ನೆ.

1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಗುರುತಿಸಿದರು. ಜೀವಕೋಶದ ಪೊರೆಯಲ್ಲಿರುವ ಈ ಪಂಪು ಒಂದು ಸುತ್ತಿಗೆ 3 ಸೋಡಿಯಂ ಅಯಾನುಗಳನ್ನು ಹೊರಹಾಕಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಇದಕ್ಕಾಗಿ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಪಂಪಿನ ದೊಡ್ಡ ಭಾಗದಲ್ಲಿ ಸುಮಾರು 1000 ಅಮೈನೋ ಆಮ್ಲಗಳಿವೆ. 1978ರಲ್ಲಿ ಫೋರ್ಬುಷ್, ಕಪ್ಲಾನ್ ಮತ್ತು ಹಾಫ್‌ಮನ್ ಅದರ ಜೊತೆಗೇ ಒಂದು ಪುಟ್ಟ ಪ್ರೋಟೀನನ್ನು ಕಂಡರು. ಸುಮಾರು 65 ಅಮೈನೋ ಆಮ್ಲಗಳ ಇದಕ್ಕೆ ಗಾಮಾ ಎಂಬ ಹೆಸರು ಬಂತು. ಇದಿಲ್ಲದೆಯೂ ಪಂಪು ನಡೆಯುತ್ತದೆ, ನೋಡಿ. ಹಾಗಾಗಿ ಇದು ಪಂಪಿನ ಭಾಗವೋ, ಸುಮ್ಮನೆ ಅಂಟಿಕೊಂಡು ಬಂದದ್ದೋ ಎಂಬ ಸಂಶಯ ಬಹಳ ಕಾಲ ಉಳಿಯಿತು.

1995ರಲ್ಲಿ ಗಾಮಾದ ಒಂದು ದಾಯಾದಿ ಸಿಕ್ಕಿತು. ಅದನ್ನು ಕಪ್ಪೆಯ ಅಂಡಕೋಶದಲ್ಲಿ ತಯಾರಾಗುವಂತೆ ಮಾಡಿದಾಗ ಪೊಟ್ಯಾಸಿಯಂ ಪ್ರವಾಹ ಕಾಣಿಸಿತು. ಆದ್ದರಿಂದ 'ಚಾನೆಲ್ ಉಂಟುಮಾಡುವ ಅಂಶ' ಎಂಬ ಅರ್ಥದಲ್ಲಿ 'ಚಿಫ್' ಅಂತ ಹೆಸರಿಟ್ಟರು. 2001ರ ಹೊತ್ತಿಗೆ ಗೊತ್ತಾದದ್ದೇ ಬೇರೆ. ಚಿಫ್ ಪಂಪಿಗೇ ಕೂಡಿಕೊಂಡು, ಸೋಡಿಯಂ ಹಿಡಿಯುವ ಅದರ ಶಕ್ತಿಯನ್ನು ಹೆಚ್ಚಿಸುತ್ತದೆ. ಗಾಮಾ ಅದೇ ಶಕ್ತಿಯನ್ನು ತಗ್ಗಿಸುತ್ತದೆ.

ಚಿಫ್ ಇರುವುದು ಮೂತ್ರಪಿಂಡದ ಸಂಗ್ರಾಹಕ ನಾಳದಲ್ಲಿ, ಅಂದರೆ ಆಲ್ಡೋಸ್ಟಿರೋನ್ ಹಾರ್ಮೋನು ಕೆಲಸ ಮಾಡುವ ಜಾಗದಲ್ಲಿ. ಊಟದಲ್ಲಿ ಉಪ್ಪು ಕಡಿಮೆಯಾದರೆ ಈ ಹಾರ್ಮೋನು ಏರುತ್ತದೆ. ಆಗ ಕೋಶದೊಳಗೆ ಸೋಡಿಯಂ ಕಡಿಮೆ ಇದ್ದರೂ ಪಂಪು ಅದನ್ನು ಹಿಡಿದು ರಕ್ತಕ್ಕೆ ಮರಳಿಸಲು ಚಿಫ್ ನೆರವಾಗುತ್ತದೆ. ಪಂಪು ಒಳಗೆ ತಂದ ಪೊಟ್ಯಾಸಿಯಂ ಬೇರೆ ಚಾನೆಲ್‌ಗಳ ಮೂಲಕ ಮೂತ್ರಕ್ಕೆ ಸೇರುತ್ತದೆ.

ಗಾಮಾ ಬಗೆಗಿನ ಸಂಶಯಕ್ಕೆ ಉತ್ತರ ರೋಗಿಗಳಿಂದಲೂ ಬಂತು. ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗುವ ಕಾಯಿಲೆಯಿದ್ದ ಡಚ್ ಕುಟುಂಬಗಳಲ್ಲಿ ಗಾಮಾದ ಜೀನಿನಲ್ಲೇ ದೋಷವಿದೆ ಎಂದು 2000ದಲ್ಲಿ ವರದಿಯಾಯಿತು. ಬೇಡದ್ದು ಅಂದುಕೊಂಡದ್ದು ಬೇಕಾದದ್ದೇ ಆಗಿತ್ತು.

ಚಿಫ್ ಎಂಬ ಹಳೆಯ ಹೆಸರು ಈಗಲೂ ಬಳಕೆಯಲ್ಲಿದೆ. ಅದನ್ನು ನಾವು 'ಚಾನೆಲ್ ಪ್ರೇರಕ' ಅಂತ ಪದಶಃ ಅನುವಾದಿಸಿದರೆ, ಅಲ್ಲಿ ತಿದ್ದಿಹೋದ ತಪ್ಪು ಕನ್ನಡದಲ್ಲಿ ಹೊಸದಾಗಿ ಹುಟ್ಟುತ್ತದೆ. ಇದರ ಕೆಲಸ ಪಂಪನ್ನು ಹದಕ್ಕೆ ತರುವುದು. ಉಪ್ಪಿನ ವಿಷಯದಲ್ಲಿ 'ಹದ' ಎಂಬ ಮಾತು ನಮ್ಮ ಅಡುಗೆಮನೆಯಲ್ಲೇ ಇದೆಯಲ್ಲ. 'ಪಂಪಿನ ಹದಗಾರ' ಅಂದರೆ ಸಾಕು, ಎಂಟನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ.